ಹೂತಿಟ್ಟ ಹಿಂಡಿ

ಗೋಡೆಯ ಸಂದಿಗೆ ಕಣ್ಣಿಟ್ಟ ಹನುಮಕ್ಕನಿಗೆ ಮೊದಲು ಕಂಡದ್ದು ಹಾರೆ. ಬೆಳಕು ಆಗತಾನೆ ಹರಿಯುತ್ತಿತ್ತು. ಆಚೆಮನೆಯ ಅಕ್ಕಯ್ಯಮ್ಮ ಸೀರೆ ಎತ್ತಿ ಕಟ್ಟಿ ತಿಪ್ಪೆಯ ಪಕ್ಕ ಗುಂಡಿ ತೋಡುತ್ತಿದ್ದಳು. ಮೊಣಕಾಲುದ್ದ ತೋಡಿದ ಮೇಲೆ ಗೋಣಿಚೀಲವೊಂದನ್ನು ಎಳೆತಂದು, ಅತ್ತಿತ್ತ ನೋಡಿ, ಒಳಗೆ ಸುರಿದಳು. ಕಡಲೆಕಾಯಿ ಹಿಂಡಿ. ತಟ್ಟೆಯಗಲದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದ ಸದ್ದು ಹನುಮಕ್ಕನ ಹೊಟ್ಟೆಯೊಳಗೇ ಬಿದ್ದಂತಾಯಿತು.

"ಗುಟ್ಟು ಇಲ್ಲೈತಾ ನನ್ನ ತಾಯಿ," ಅಂದುಕೊಂಡಳು.

ಇಬ್ಬರೂ ಓರಗಿತ್ತಿಯರು. ಮಾರೇನಹಳ್ಳಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಪಾಲಾದಾಗ ನಡುಮನೆಗೆ ಮಣ್ಣಿನ ಗೋಡೆ ಎದ್ದಿತು, ಕೊಟ್ಟಿಗೆಗೂ ಎದ್ದಿತು. ಒಂದೇ ಹಸುವಿನ ಹೊಟ್ಟೆಯಲ್ಲಿ ಹುಟ್ಟಿದ ಎರಡು ಕಡಸುಗಳು ಆಚೆಗೊಂದು ಈಚೆಗೊಂದಾದವು. ಚುಕ್ಕಿ ಅವಳಿಗೆ, ಕೌಲಿ ಇವಳಿಗೆ. ಚೀಟಿ ಎತ್ತಿದ್ದು ಹನುಮಕ್ಕನೇ. ಆಮೇಲೆ ನೋಡಿದರೆ ಚುಕ್ಕಿ ಹೊತ್ತಿಗೆ ನಾಲ್ಕು ಸೇರು ಕರೆಯಿತು, ಕೌಲಿ ಎರಡಕ್ಕೆ ನಿಂತಿತು. ಆ ಚೀಟಿ ಎತ್ತಿದ ತನ್ನ ಕೈಯನ್ನು ಹನುಮಕ್ಕ ಇವತ್ತಿಗೂ ಕ್ಷಮಿಸಿರಲಿಲ್ಲ.

ಮೊದಲಾದರೆ ದನಕ್ಕೆ ಗೋಮಾಳವಿತ್ತು. ಸರ್ಕಾರ ಅಲ್ಲಿ ಗೂಟ ಹೊಡೆದು, ಹಗ್ಗ ಎಳೆದು, ಸೈಟು ಮಾಡಿತು. ಹನುಮಕ್ಕನ ಗಂಡ ಕೆಂಚಪ್ಪ ತಾನು ದನ ಮೇಯಿಸಿದ ಜಾಗದಲ್ಲೇ ಈಗ ರಸ್ತೆಗೆ ಜಲ್ಲಿ ಹೊರುತ್ತಾನೆ. ಹುಲ್ಲು ಕಿತ್ತುಕೊಂಡವರೇ ಮಾರನೆಯ ವರ್ಷ ದನಕ್ಕೆ ಏನು ತಿನ್ನಿಸಬೇಕೆಂಬ ಕಾನೂನು ಹಿಡಿದುಕೊಂಡು ಬಂದರು. ಕೊಟ್ಟಿಗೆ ಪಾಸಾದರೆ ಬಾಗಿಲಿಗೊಂದು ಹಸಿರು ತಗಡು. ತಗಡಿದ್ದವರ ಹಾಲಿಗೆ ರಾಜಾಜಿನಗರದ ಹೊಸ ಮನೆಗಳಲ್ಲಿ ಪಾತ್ರೆ ಕಾದಿರುತ್ತದೆ. ಇಲ್ಲದವರ ಹಾಲನ್ನು ಮೂಸಿ ವಾಪಸ್ಸು ಕಳಿಸುತ್ತಾರೆ. ಅಕ್ಕಯ್ಯಮ್ಮನ ಬಾಗಿಲಿಗೆ ತಗಡು ಬಿದ್ದು ತಿಂಗಳಾಗಿತ್ತು. ಹನುಮಕ್ಕನ ಕೊಟ್ಟಿಗೆಯ ತಪಾಸಣೆ ಬರುವ ಸೋಮವಾರ.

ಮೇವಿನ ವಿಷಯ ತಿಳಿಸಲು ದನದ ಡಾಕ್ಟರು ಊರ ಹೆಂಗಸರನ್ನೆಲ್ಲ ಒಂದು ದಿನ ಕೂರಿಸಿದ್ದರು. ಕೂರಿಸಿದ್ದು ಅಕ್ಕಯ್ಯಮ್ಮನ ಜಗಲಿಯ ಮೇಲೆ. "ಔಳ ಜಗಲಿ ಹತ್ತಿ ನಾನು ಬುದ್ಧಿ ಕಲೀಬೇಕಾ?" ಎಂದು ಹನುಮಕ್ಕ ಮನೆಯಲ್ಲೇ ಉಳಿದಿದ್ದಳು.

ಅವಳಿಗೆ ಗೊತ್ತಿದ್ದುದು ಅತ್ತೆ ಕಲಿಸಿದ್ದು. ಒಳ್ಳೆಯ ಹಿಂಡಿ ಕಂಡವರ ಕಣ್ಣಿಗೆ ಬೀಳಬಾರದು, ಬಿದ್ದರೆ ಕೆಚ್ಚಲು ಬತ್ತುತ್ತದೆ. ಹಾಗಾಗಿ ಹಿಂಡಿಯನ್ನು ಸೆರಗಿನ ಮರೆಯಲ್ಲೇ ತರಬೇಕು, ಮರೆಯಲ್ಲೇ ನೆನೆಸಬೇಕು. ಅಕ್ಕಯ್ಯಮ್ಮ ಒಂದು ಹೆಜ್ಜೆ ಮುಂದೆ ಹೋಗಿ ಮಣ್ಣಿನ ಮರೆಗೇ ಇಟ್ಟಿದ್ದಾಳೆ. ನಾಲ್ಕು ಸೇರು ಸುಮ್ಮನೆ ಬರುತ್ತದೆಯೇ?

ಅಕ್ಕಯ್ಯಮ್ಮ ಹಾಲಿನ ತಂಬಿಗೆ ಹೊತ್ತು ರಾಜಾಜಿನಗರದ ಕಡೆ ಹೋದದ್ದೇ ತಡ, ಹನುಮಕ್ಕ ಬೇಲಿ ನುಸುಳಿ ಗುಂಡಿ ಕೆದಕಿದಳು. ಬಿಲ್ಲೆಗಳ ಮೇಲೆ ಕಪ್ಪು ಹಸಿರಿನ ನವಿರು ನವಿರು ಧೂಳು. ದೃಷ್ಟಿ ತಾಕದಿರಲೆಂದು ಬೂದಿ ಸವರಿದ್ದಾಳೆ, ಅಂದುಕೊಂಡಳು. ಮಂಕರಿ ತುಂಬಿಸಿ ತಂದು, ಬಟ್ಟೆಯಲ್ಲಿ ಒರೆಸಿ, ಕಲಗಚ್ಚಿನಲ್ಲಿ ನೆನೆಸಿಟ್ಟಳು. ಕೌಲಿ ಮೂಸಿ ಮುಖ ತಿರುಗಿಸಿತು.

"ಅಯ್ಯೋ ನಿನ್ನ ಗತ್ತೇ. ಅವಳ ಮನೇದು ಅಂತ ನಿಂಗೂ ಗೊತ್ತಾಯ್ತಾ?" ಎನ್ನುತ್ತ ಬೆಲ್ಲ ಕದಡಿದಳು. ಕೌಲಿ ತಿಂದಿತು. ಮೂರು ದಿನ ತಿಂದಿತು.

ಭಾನುವಾರ ಕೌಲಿ ಹುಲ್ಲು ಮುಟ್ಟಲಿಲ್ಲ. ಮೈ ನಡುಕ, ನೀರಿನಂಥ ಭೇದಿ. ಕರು ಗುದ್ದಿ ಗುದ್ದಿ ಹಾಲು ಇಳಿಯದೆ ಅರಚಿತು. ಸೋಮವಾರ ಡಾಕ್ಟರು ಜಂಬಣ್ಣ ಸೈಕಲ್ಲಿಳಿಯುವಾಗ ಕೌಲಿ ಮಲಗಿಬಿಟ್ಟಿತ್ತು. ಸುದ್ದಿ ತಿಳಿದು ಅಕ್ಕಯ್ಯಮ್ಮನೂ ಬಂದು ಬಾಗಿಲಲ್ಲಿ ನಿಂತಿದ್ದಳು. ಪಾಲಾದ ಮೇಲೆ ಅವಳು ಈ ಹೊಸಿಲ ಹತ್ತಿರ ಬಂದದ್ದು ಇದೇ ಮೊದಲು.

ಜಂಬಣ್ಣ ಬಳ್ಳಾರಿ ಸೀಮೆಯವರು. ಕೌಲಿಯ ಬಾಯಿ ಬಿಡಿಸಿ ನೋಡಿದರು. "ಏನು ತಿನ್ನಿಸೀಯವ್ವ ಇದಕ್ಕ?"

"ಹುಲ್ಲು, ಕಲಗಚ್ಚು. ದಿನಾ ಹಾಕೋದೇ."

"ಮತ್ತೇನೂ ಇಲ್ಲ?"

"ಇಲ್ಲ ಸ್ವಾಮಿ."

ಅವರು ಕೈ ಒರೆಸಿಕೊಂಡರು. "ತಿಂದದ್ದು ಏರುಪೇರಾಗಿದ್ರ ತೊಳದು ತಗೀಬಹುದಿತ್ತು. ಇದು ದೊಡ್ಡರೋಗ ಇದ್ದಂಗೈತಿ. ಅದಕ್ಕ ಔಷಧ ಇಲ್ಲ. ನಡುವಿನ ಮಣ್ಣಿನ ಗ್ವಾಡಿ ಅದನ್ನ ತಡಿಯಂಗಿಲ್ಲ, ಎರಡೂ ಕೊಟ್ಟಿಗಿ ಮುಚ್ಚಬೇಕು. ಆ ತಗಡೂ ಬಿಚ್ಚಬೇಕಾಗ್ತದ."

ಅಕ್ಕಯ್ಯಮ್ಮನ ಮುಖ ಬಿಳಿಚಿತು. ಅದನ್ನು ನೋಡಿದ ಹನುಮಕ್ಕನ ಎದೆಯೊಳಗೆ ಒಂದು ತಂಪು ಇಳಿಯಿತು. ಎಷ್ಟೋ ವರ್ಷದ ಉರಿಗೆ ಯಾರೋ ಬೆಣ್ಣೆ ಹಚ್ಚಿದ ಹಾಗೆ. ಕೌಲಿ ಕುತ್ತಿಗೆ ಹೊರಳಿಸಿ ಅವಳ ಪಾದದ ಮೇಲೆ ಮೂತಿ ಇಟ್ಟಿತು. ಮೂತಿ ಒಣಗಿತ್ತು. ಹನುಮಕ್ಕ ಪಾದ ಕದಲಿಸಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಅಕ್ಕಯ್ಯಮ್ಮ ಒಳಗೆ ಬಂದು ಕಲಗಚ್ಚಿನ ಬಾನಿಗೆ ಕೈ ಹಾಕಿದಳು. ತಳದಿಂದ ಕಪ್ಪು ಚೂರೊಂದನ್ನು ತೆಗೆದು ಮೂಸಿದಳು. ಹನುಮಕ್ಕನನ್ನು ನೋಡಿದಳು. ಕಳ್ಳಿ ಎಂಬ ಮಾತು ಈಗ ಬಂತು, ಈಗ ಬಂತು ಎಂದು ಹನುಮಕ್ಕ ಹಲ್ಲು ಕಚ್ಚಿ ನಿಂತಳು.

"ದೊಡ್ಡರೋಗ ಅಲ್ಲ ಸ್ವಾಮಿ," ಅಂದಳು ಅಕ್ಕಯ್ಯಮ್ಮ. "ಬೂಷ್ಟು ಹಿಡಿದ ಹಿಂಡಿ. ಆವತ್ತು ಜಗಲಿ ಮೇಲೆ ನೀವು ಹೂತಾಕು ಅಂದಿದ್ರಿ. ಮನಸ್ಸು ಬರ್ದೆ ಇವಳಿಗೆ ಕೊಟ್ಬಿಟ್ಟೆ. ತಪ್ಪು ನಂದೇ."

"ತಗಡು ಇಸ್ಕೊಂಡಾಕಿನ ಹಿಂಗ ಮಾಡಿದ್ರ ಹೆಂಗವ್ವ?" ಜಂಬಣ್ಣ ಚೀಲದಿಂದ ಇಕ್ಕಳ ತೆಗೆದು ತಗಡು ಬಿಚ್ಚಲು ಆಚೆ ಬಾಗಿಲಿನ ಕಡೆ ಹೊರಟರು. ಅಕ್ಕಯ್ಯಮ್ಮ ತಲೆ ತಗ್ಗಿಸಿ ದಾರಿ ಬಿಟ್ಟಳು.

ಹನುಮಕ್ಕನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಬಾವಿಕಟ್ಟೆಯಲ್ಲಿ, ಗುಡಿಯ ಮುಂದೆ, ಊರೆಲ್ಲ ಒಂದೇ ಮಾತು: ಓರಗಿತ್ತಿ ಹಸುವಿಗೋಸ್ಕರ ತಗಡನ್ನೇ ಬಿಟ್ಟುಕೊಟ್ಟಳಂತೆ ಮಹಾತಾಯಿ. ನಾಲ್ಕು ಸೇರು ಅವಳದು, ತಗಡು ಅವಳದು. ಒಳ್ಳೆಯತನವನ್ನೂ ಅವಳೇ ಕರೆದುಕೊಂಡು ಹೋಗಬೇಕೇ?

"ಸುಳ್ಳು," ಅಂದಳು ಹನುಮಕ್ಕ. "ಔಳು ಕೊಡ್ಲಿಲ್ಲ. ಹೂತಿದ್ದನ್ನ ನಾನೇ ಅಗೆದು ತಂದೆ. ಔಳ ಕೈಯಿಂದ ನಾನು ಇಸ್ಕೊಂತೀನಾ?"

ಜಂಬಣ್ಣ ಇಕ್ಕಳ ಹಿಡಿದು ಇಬ್ಬರನ್ನೂ ನೋಡಿದರು.

"ಕೇಳಿದ್ರೆ ಹೇಳ್ತಿರ್ಲಿಲ್ವೇನೇ ಹನುಮಿ, ಅದು ವಿಷ ಅಂತ?" ಅಂದಳು ಅಕ್ಕಯ್ಯಮ್ಮ.

"ಕೇಳೋದಾ? ನಿನ್ನನ್ನಾ?"

ಜಂಬಣ್ಣ ಕೊಟ್ಟ ಭೇದಿ ಉಪ್ಪು ಕದಡಿದ ನೀರನ್ನು ಬಿದಿರ ಗೊಟ್ಟದಲ್ಲಿ ಕುಡಿಸಿದ್ದು ಅಕ್ಕಯ್ಯಮ್ಮ; ಕೊಂಬು ಹಿಡಿದದ್ದು ಹನುಮಕ್ಕ. ಸಂಜೆಗೆ ಕೌಲಿ ಎದ್ದು ನಿಂತಿತು. ಹಸಿರು ತಗಡು ಆಚೆ ಬಾಗಿಲಲ್ಲೇ ಉಳಿಯಿತು. ಈಚೆಯದಕ್ಕೆ ಇನ್ನೊಂದು ವರ್ಷ ಕಾಯಬೇಕೆಂದು ಜಂಬಣ್ಣ ಬರೆದುಕೊಂಡು ಹೋದರು. ಹದಿನೈದು ದಿನ ಕೌಲಿಯ ಹಾಲನ್ನು ಯಾರಿಗೂ ಕೊಡಕೂಡದು, ಕರುವಿಗೂ ಸಹ. ಕರೆದು ನೆಲಕ್ಕೆ ಚೆಲ್ಲಬೇಕು.

ಮರುದಿನ ಬೆಳಿಗ್ಗೆ ಅಕ್ಕಯ್ಯಮ್ಮ ಬಂದು ಕೌಲಿಯ ಕರುವಿನ ಕಣ್ಣಿ ಬಿಚ್ಚಿದಳು. ತನ್ನ ಕರುವಿನ ಮೈ ಒರೆಸಿದ ಬಟ್ಟೆಯನ್ನು ಚುಕ್ಕಿ ಒದೆಯದಿರಲೆಂದು ಅದರ ಬೆನ್ನಿಗೆ ಸವರಿ, ಕೆಚ್ಚಲಿಗೆ ಬಿಟ್ಟಳು. ಹನುಮಕ್ಕ ಕೌಲಿಯ ಹಾಲನ್ನು ನುಗ್ಗೆಮರದ ಬುಡಕ್ಕೆ ಚೆಲ್ಲುತ್ತಿದ್ದಳು. ಗೋಡೆಯಾಚೆ ಕರು ಚೀಪುವ ಸದ್ದು ಕೇಳಿಸಿತು. ಒಂದು ಸಲ ಕರುವನ್ನು ಹೆಸರು ಹಿಡಿದು ಕರೆದಳು. ಸದ್ದು ನಿಲ್ಲಲಿಲ್ಲ.

ಹೊಟ್ಟೆ ತುಂಬಿದ ಮೇಲೆ ಕರು ತಾನಾಗಿಯೇ ಬಂತು. ಮೂತಿಯ ತುಂಬ ನೊರೆ. ಸೆರಗಿನ ತುದಿಯಿಂದ ಒರೆಸಹೋದ ಹನುಮಕ್ಕ ಕೈ ತಡೆದಳು. ಗೋಡೆಯ ಸಂದಿಯ ಕಡೆ ಒಮ್ಮೆ ನೋಡಿ, ನೊರೆಯನ್ನು ಬೆರಳಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಹಾಲು ಗಟ್ಟಿಯಾಗಿತ್ತು.