ಹಿಂದೆ ಕೂತವರ ಸಾಕ್ಷಿ

ಗಾಡಿ ಓಡಿಸುವವನ ಮಾತನ್ನು ಸವಣೂರಿನ ರಾಜೇಸಾಬ ಎಂದೂ ನಂಬಿದವನಲ್ಲ. ಗ್ಯಾರೇಜಿನ ಮುಂದೆ ಮೋಟರ್‌ಸೈಕಲ್ ತಂದು ನಿಲ್ಲಿಸಿ, ಇಂಜಿನ್ನಿನಲ್ಲಿ ಇಂಥ ಸದ್ದು, ಬ್ರೇಕಿನಲ್ಲಿ ಇಂಥ ಜಗ್ಗಾಟ ಎಂದು ಯಜಮಾನ ತನ್ನ ವರದಿ ಒಪ್ಪಿಸುತ್ತಿದ್ದರೆ, ಆತ ಬಾಯೊಳಗಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾವಕಾಶವಾಗಿ ಸರಿಸುತ್ತ, ದಾರಿಯ ಆಚೆ ಹೋಗುತ್ತಿರುವ ಎಮ್ಮೆಯನ್ನು ನೋಡುತ್ತ ನಿಂತಿರುವನು; ಎಲ್ಲ ಮುಗಿದ ಮೇಲೆ, ಅಲ್ಲಿಯತನಕ ಏನೂ ಕೇಳಿಸಲೇ ಇಲ್ಲವೆಂಬಂತೆ, "ಅದಿರ್ಲಿ. ಹಿಂದ ಯಾರು ಕುಂದರ್ತಾರ?" ಎನ್ನುವನು. ಹೆಂಡತಿ ಕೂರುತ್ತಾಳೆಂದರೆ ಹೆಂಡತಿಯನ್ನು ಕೇಳಬೇಕು. ಮುದುಕ ತಂದೆ ಕೂರುತ್ತಾನೆಂದರೆ ತಂದೆಯೇ ಬರಬೇಕು. ಒಂಟಿ ಸವಾರರ ಗಾಡಿಯನ್ನೂ ಆತ ಮುಟ್ಟುತ್ತಿದ್ದ, ನಿಜ; ಆದರೆ ಸಾಕ್ಷಿಯಿಲ್ಲದ ದಾವೆ ಹಿಡಿದ ವಕೀಲನ ಹಾಗೆ, ಅರೆಮನಸ್ಸಿನಿಂದ.

ಶಾರವ್ವ ಆತನನ್ನು ಮೊದಲು ನೋಡಿದಾಗ ಒಂದು ಕಾಲು ಕುಂಟು ಎಂದೇ ತಿಳಿದಿದ್ದಳು. ಹಿರೇಕೆರೂರಿನ ಹುಡುಗಿ, ಹತ್ತಿಬೀಜ ಮಾರುತ್ತ ಹಾನಗಲ್ಲು, ಶಿಗ್ಗಾಂವದ ಹಳ್ಳಿಗಳನ್ನು ಸುತ್ತುವ ನೀಲಪ್ಪನನ್ನು ಮದುವೆಯಾಗಿ ಸವಣೂರಿಗೆ ಬಂದವಳು, ತೊಡೆಯ ಮೇಲೆ ಇನ್ನೂ ಹಲ್ಲು ಮೂಡದ ಮಗಳು, ಅಜ್ಜಿಯ ಹೆಸರು ಹೊತ್ತ ಗುತ್ತವ್ವ. ಕಟ್ಟೆಯ ಮೇಲೆ ಕೂತು ಕೂಸಿನ ಜೊಲ್ಲು ಒರೆಸುತ್ತಿದ್ದ ಆಕೆಗೆ, ಓಣಿಯ ತುದಿಯಿಂದ ಎಡಕ್ಕೆ ವಾಲಿಕೊಂಡು ಕಣಕಣ ಸದ್ದು ಮಾಡುತ್ತ ಬರುವ ಮನುಷ್ಯನೊಬ್ಬ ಕಂಡ. ಬೇಸಿಗೆಯಲ್ಲೂ ಮೈಮೇಲೆ ಕಂದು ಬಣ್ಣದ ಉಣ್ಣೆಯ ಕೋಟು. ಆ ಕೋಟಿನೊಳಗೆ ಹೆಂಡತಿ ಮಾಬೂಬಿಯಿಂದ ಹೊಲಿಸಿಕೊಂಡ ಲೆಕ್ಕವಿಲ್ಲದ ಜೇಬುಗಳಿದ್ದವು. ಬಿಚ್ಚಿದ ಪ್ರತಿ ಗಾಡಿಯ ಬೋಲ್ಟು, ನಟ್ಟುಗಳಿಗೆ ಬೇರೆ ಬೇರೆ ಜೇಬು. ದೊಡ್ಡ ಕೆಲಸಗಳವೆಲ್ಲ ಎಡಗಡೆಯ ಜೇಬು ಸೇರುತ್ತಿದ್ದುದರಿಂದ ಆತನ ನಡಿಗೆಯೇ ಎಡಕ್ಕೆ ಬಾಗಿತ್ತು. ಡಬ್ಬಿಯಲ್ಲಿಟ್ಟರೆ ಆಗದೇ ಎಂದು ಕೇಳಿದವರಿಗೆ, "ಡಬ್ಬಿ ಮರೀತೈತ್ರಿ, ಮೈ ಮರಿಯಂಗಿಲ್ಲ" ಎನ್ನುತ್ತಿದ್ದ. ವಿನಯದ ಮನುಷ್ಯನೇನಲ್ಲ. ಮೆಹಂದಿ ಹಚ್ಚಿದ ಕೂದಲನ್ನು ಗಿರಾಕಿಯ ಗಾಡಿಯ ಕನ್ನಡಿಯಲ್ಲಿ ನೋಡಿಕೊಂಡು ಬಾಚುವನು. 'ಉಸ್ತಾದ' ಎಂದು ಕರೆಯದವರ ಕಡೆಗೆ ತಿರುಗಿಯೂ ನೋಡನು.

ಇಂಥವನ ಜೀವ ಅಂಟಿಕೊಂಡದ್ದು ಜಪಾನದ ಒಂದು ಹಳೆಯ ಹೋಂಡಾಕ್ಕೆ. ಅರವತ್ತರ ದಶಕದ ಮೊದಮೊದಲಲ್ಲಿ ಗೋವೆಯ ಬಂದರಿನಲ್ಲಿ ಇಳಿದು, ಘಟ್ಟ ಹತ್ತಿ, ಕೈಯಿಂದ ಕೈಗೆ ದಾಟುತ್ತ, ಕೊನೆಗೆ ಶಿಗ್ಗಾಂವದ ಕಾಳಿನ ವ್ಯಾಪಾರಿಯೊಬ್ಬನ ಗೋದಾಮಿನ ಹಿಂದೆ ಬಿದ್ದಿದ್ದ ಎರಡು ಸಿಲಿಂಡರಿನ ಗಾಡಿ ಅದು. ಅದರ ಚೌಕಾಕಾರದ ದೀಪದ ಗೂಡಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಮದುವೆಗೂ ಮುಂಚೆ ನೀಲಪ್ಪ ಅದನ್ನು ಕೊಂಡು ಚಕ್ಕಡಿಯಲ್ಲಿ ಹೇರಿಸಿ ತಂದಾಗ, ರಾಜೇಸಾಬ ಮುಟ್ಟದೆ, ಮಾತಾಡದೆ, ಹೊತ್ತು ಮುಳುಗುವವರೆಗೂ ಅದರ ಸುತ್ತ ತಿರುಗಿದನಂತೆ. ಆಮೇಲೆ ವರ್ಷಕ್ಕೂ ಮಿಗಿಲಾದ ತಪಸ್ಸು. ಅದರ ತಿರುಪುಗಳ ತಲೆಯ ಮೇಲಿನ, ಕೂಡುವ ಗುರುತಿನಂಥ ಗೆರೆಗೆ ಪೇಟೆಯ ಸ್ಕ್ರೂಡ್ರೈವರ್ ಸರಿಹೊಂದದೆ ತಲೆಯನ್ನೇ ಸವೆಸುತ್ತದೆಂದು ಕಂಡು, ತನ್ನದೊಂದರ ಮೂತಿಯನ್ನು ಅರದಿಂದ ತಿದ್ದಿ ತಿದ್ದಿ ಅದಕ್ಕೆ ಒಗ್ಗಿಸಿದ. ಸೀಟನ್ನು ಮಾಬೂಬಿ ಹೊಲಿದಳು. ಎಲ್ಲ ಮುಗಿದ ಮೇಲೆ, ಅದನ್ನು ಮಾಡಿದವರಿಗೆ ಹೊಳೆಯದಿದ್ದ ಎರಡು ವಸ್ತುಗಳನ್ನು ಆತನೇ ಸೇರಿಸಿದ: ಎಡಗಡೆ ಎರಡೂ ಪಾದ ಊರಲು ಒಂದು ಕಬ್ಬಿಣದ ಪಟ್ಟಿ, ಸೆರಗು ಗಾಲಿಗೆ ಸಿಗದಂತೆ ಒಂದು ಜಾಳಿಗೆ. "ಜಪಾನದ ಹೆಣ್ಮಕ್ಕಳು ಹೆಂಗ ಕುಂದರ್ತಾರೋ ಏನೋ," ಎಂದ, "ನಮ್ಮವರು ಒಂದ ಕಡೆ ಕಾಲು ಬಿಟ್ಟು ಕುಂದರ್ತಾರ."

ಗಾಡಿ ಬಂದ ಮೊದಲ ವಾರವೇ ನೀಲಪ್ಪ ಅದನ್ನು ಕೆಡಿಸಿದ. ಊರಿನ ಹಳೆಯ ಮೋಟರ್‌ಸೈಕಲ್ಲುಗಳೆಲ್ಲ ನಿಂತಲ್ಲಿ ನೆಲಕ್ಕೆ ಎಣ್ಣೆಯ ಬೊಟ್ಟಿಡುವ ಕಾಲ ಅದು. ಬೆಳಿಗ್ಗೆ ಬೊಟ್ಟು ನೋಡಿಯೇ ಒಳಗೆ ಎಣ್ಣೆಯಿದೆಯೆಂದು ಸಮಾಧಾನಪಡುವುದು ಯಜಮಾನರ ರೂಢಿ. ಈ ಗಾಡಿಯ ಕೆಳಗೆ ಒಂದು ಹನಿಯೂ ಕಾಣದ್ದರಿಂದ ಒಳಗೆ ಒಣಗಿಹೋಗಿದೆಯೆಂದು ಗಾಬರಿಗೊಂಡು, ಆತ ದಿನಾ ಬೆಳಿಗ್ಗೆ ಒಂದಿಷ್ಟು ಸುರಿಯುತ್ತ ಹೋದ. ಕೊನೆಗೊಂದು ದಿನ ಬಂಕಾಪುರದ ಹಾದಿಯಲ್ಲಿ ಅದು ಕುಡಿದದ್ದನ್ನೆಲ್ಲ ಆತನ ಬಿಳಿ ಪ್ಯಾಂಟಿನ ಮೇಲೆ ಕಕ್ಕಿತು. ತಳ್ಳಿಕೊಂಡು ಬಂದವನನ್ನು ರಾಜೇಸಾಬ ಅಡಿಯಿಂದ ಮುಡಿಯವರೆಗೆ ನೋಡಿ, "ಸೋರದಿದ್ದರ ಖಾಲಿ ಐತಿ ಅಂದ್ರೇನ್ರಿ? ಹಂಗಾದ್ರ ನಿಮ್ಮ ಮನಿ ಕೊಡಾ ತೂತ ಐತೇನು?" ಎಂದ. ಒಳಗಿದ್ದ ಮಾಬೂಬಿ ನಕ್ಕದ್ದು ಓಣಿಗೆಲ್ಲ ಕೇಳಿಸಿತು.

ಹಿಂದೆ ಕೂತವರನ್ನು ಕೇಳುವ ಈ ಹಟ ಎಲ್ಲಿಂದ ಬಂತೆಂಬ ಕುತೂಹಲ ಶಾರವ್ವನನ್ನು ಬಿಡಲಿಲ್ಲ. ಯಾವುದೋ ಅಪಘಾತ, ಯಾವುದೋ ಕಣ್ಣೀರಿನ ಕತೆ ಇದ್ದೇ ಇರಬೇಕೆಂದು ಬಗೆದು, ಒಂದು ದಿನ ಎಲೆ ಅಡಿಕೆ ಹಿಡಿದು ಮಾಬೂಬಿಯ ಹತ್ತಿರ ಕೂತು ಮೆಲ್ಲಗೆ ಕೆದಕಿದಳು. ಮಾಬೂಬಿ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದಳು. "ಏನೂ ಇಲ್ಲವಾ ನಮ್ಮವ್ವಾ. ಯಾರೂ ಬಿದ್ದಿಲ್ಲ, ಯಾರೂ ಸತ್ತಿಲ್ಲ. ಮುಂದ ಕುಂತವಗ ದಾರಿ ನೋಡೂದ ಇರತೈತಿ, ಗೇರ ಇರತೈತಿ, ಪ್ಯಾಟ್ಯಾಗ ಯಾರು ತನ್ನ ನೋಡಾಕತ್ತಾರಂತ ನೋಡೂದೂ ಇರತೈತಿ. ಹಿಂದ ಕುಂತವ್ರಿಗೆ ಏನ್ ಕೆಲಸ? ಅದಕ್ಕ ಎಲ್ಲಾ ಗೊತ್ತಾಕ್ಕೈತಿ ಅಂತಾರ ನಮ್ಮ ಮನ್ಯಾವ್ರು." ಶಾರವ್ವನಿಗೆ ತುಸು ನಿರಾಸೆಯಾಯಿತು, ಆದರೆ ಮನೆಗೆ ಬರುವ ಹೊತ್ತಿಗೆ ಆ ಮಾತು ಗಾಡಿಗಿಂತ ದೊಡ್ಡದೆನಿಸತೊಡಗಿತ್ತು.

ಆಕೆಯ ಸಾಕ್ಷಿಯ ಸರದಿಯೂ ಬೇಗ ಬಂತು. ಎಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ಜಪಾನದವರ ಕೂಡಿಕೆಯಲ್ಲಿ ಇಲ್ಲಿಯೇ ತಯಾರಾದ ಹಗುರ ಹೊಸ ಮೋಟರ್‌ಸೈಕಲ್ಲುಗಳು ಹುಬ್ಬಳ್ಳಿಗೆ ಬಂದಿದ್ದವು. ನೀಲಪ್ಪ ಒಂದನ್ನು ಕಾಯ್ದಿರಿಸಿದ. ಹಳೆಯದನ್ನೂ ಇಟ್ಟುಕೊಳ್ಳುವ ಆಸೆ ಅವನಿಗಿತ್ತು. ಆದರೆ ಶಾರವ್ವ ಕೂಸನ್ನು ಎತ್ತಿಕೊಂಡು ಅದರ ಮೇಲೆ ಕೂರಲು ಅಂಜತೊಡಗಿದ್ದಳು. "ನೀನ ಕುಂದರಾಕ ಒಲ್ಲಿ ಅಂದ ಮ್ಯಾಲ ನನಗ್ಯಾಕ ಬೇಕು ಅದು?" ಎಂದು ಬೇಸತ್ತು, ಹುಬ್ಬಳ್ಳಿಯ ಗುಜರಿಯವನಿಗೆ ಹೇಳಿಕಳಿಸಿದ. ಗುಜರಿಯವನಿಗೆ ಬೇಕಾದದ್ದು ಇಂಜಿನ್ನು ಮಾತ್ರ, ಹೊಲಕ್ಕೆ ನೀರೆತ್ತುವ ಪಂಪಿಗೆ ಕೂಡಿಸಲು. ಉಳಿದದ್ದು ತೂಕದ ಕಬ್ಬಿಣ. ಸೋಮವಾರ ಟೆಂಪೋ ತರುವುದೆಂದು ಮಾತಾಯಿತು.

ಸುದ್ದಿ ತಿಳಿದ ರಾಜೇಸಾಬ ಶನಿವಾರ ಮುಂಜಾನೆಯೇ ಬಂದು ಹೊಸ್ತಿಲಿನಿಂದ ದೂರ ನಿಂತ. ಪರರ ಮನೆಯ ಹೆಣ್ಣುಮಗಳನ್ನು ನೇರವಾಗಿ ಮಾತಾಡಿಸುವ ಪದ್ಧತಿ ಆತನಿಗಿರಲಿಲ್ಲ. ಕಟ್ಟೆಯ ಮೇಲಿದ್ದ ಶಾರವ್ವನ ಮಡಿಲಿನ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮುಖವನ್ನೇ ನೋಡುತ್ತ ವಿಚಾರಣೆ ಆರಂಭಿಸಿದ.

"ಏನವಾ ಗುತ್ತವ್ವಾ, ಗಾಡಿ ಮ್ಯಾಲ ನಿಮ್ಮವ್ವಗ ಎಲ್ಲಿ ತ್ರಾಸ ಆಕ್ಕೈತಿ, ಕೇಳು."

ಶಾರವ್ವನೂ ಮಗಳಿಗೇ ಹೇಳಿದಳು: "ಎಡಗಾಲಿನ ಅಂಗಾಲಾಗ ಜುಮ್ ಅಂತೈತಿ ಅಂತ ಹೇಳ ಕಾಕಾಗ."

"ಯಾವಾಗಲೂನೋ, ಒಮ್ಮೊಮ್ಮೆನೋ?"

"ಬಾಜಾರದ ತಿರುವಿನ್ಯಾಗ, ಗಟಾರದ ಕಲ್ಲು ದಾಟೂ ಮುಂದ. ಹಿಂದಿನ ಗಾಲಿ ಬ್ಯಾರೆ ಕಡೆ ಹೊಂಟಂಗ ಆಕ್ಕೈತಿ. ನೀ ಕೈಯಾಗಿಂದ ಜಾರತಿಯೇನೋ ಅನಸ್ತೈತಿ ನನಗ."

ಕೂಸು ಇಬ್ಬರನ್ನೂ ನೋಡಿ ಗುಳ್ಳೆ ಊದಿತು. ರಾಜೇಸಾಬ ಗಾಡಿ ತೆಗೆದುಕೊಂಡು ಒಬ್ಬನೇ ಆ ತಿರುವು ಸುತ್ತಿ ಬಂದ, ಏನೂ ಇಲ್ಲ. ಎಲೆ ಮಾರುವ ಅಕ್ಬರಸಾಬನನ್ನು ಹಿಂದೆ ಕೂರಿಸಿಕೊಂಡು ಬಂದ, ಆಗಲೂ ಇಲ್ಲ. ನೀಲಪ್ಪ ಕೈಚೆಲ್ಲಿದ. "ಬಿಡ್ರಿ ಉಸ್ತಾದ, ಈಕಿದು ಬರೇ ಭ್ರಮಾ."

"ಭ್ರಮಾ ತಲಿಯಾಗ ಇರತೈತ್ರಿ ನೀಲಪ್ಪನವರ, ಅಂಗಾಲಿಗೆ ಇಳಿಯಂಗಿಲ್ಲ," ಎಂದ ರಾಜೇಸಾಬ. ತಟ್ಟನೆ ಕೂಸಿನ ಕಡೆ ತಿರುಗಿ, "ನಿಮ್ಮವ್ವ ಹೆಂಗ ಕುಂದರ್ತಾಳವಾ, ಒಂದೀಟ ತೋರಸಂತ ಹೇಳ," ಎಂದ. ಶಾರವ್ವ ಕಟ್ಟೆಯ ಅಂಚಿಗೆ ಸರಿದು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಕೂಸನ್ನು ಎದೆಗೆ ಅವಚಿ ಕೂತು ತೋರಿಸಿದಳು. ಆತ ಅರೆಗಣ್ಣಿನಲ್ಲಿ ಅದನ್ನು ನೋಡಿದ. ಒಳಗಿನಿಂದ ಹತ್ತಿಬೀಜದ ಸಣ್ಣ ಚೀಲವೊಂದನ್ನು ತರಿಸಿ ಬಗಲಲ್ಲಿಟ್ಟುಕೊಂಡು, ಕೋಟು ಸಾವರಿಸಿ, ಗಾಡಿಯ ಹಿಂದಿನ ಸೀಟಿನ ಮೇಲೆ ಹೆಣ್ಣುಮಗಳ ಹಾಗೆ ಒಂದೇ ಕಡೆ ಕಾಲು ಬಿಟ್ಟು ಕೂತುಬಿಟ್ಟ.

"ನಡೀರಿ."

ನೀಲಪ್ಪನ ಮುಖ ಬಾಡಿತು. "ಉಸ್ತಾದ, ಇವತ್ತು ಸಂತಿ! ಕೆರಿ ಕಡೆ ಹೋಗೂಣಂತ, ಅಲ್ಲಿ ಯಾರೂ ಇರಂಗಿಲ್ಲ."

"ಕಲ್ಲಿರೂದು ಬಾಜಾರದಾಗ ಐತಿ, ಕೆರ್‍ಯಾಗ ಅಲ್ಲ."

ಸಂತೆಯೆಲ್ಲ ಆ ಮೆರವಣಿಗೆಯನ್ನು ಕಂಡಿತು. ಓಣಿಯ ತುದಿಗೇ ತಿರುವಾದ್ದರಿಂದ ಶಾರವ್ವನಿಗೂ ಕಟ್ಟೆಯಿಂದ ಎಲ್ಲ ಕಾಣುತ್ತಿತ್ತು. ಕೆಂಪು ಕೂದಲಿನ, ಉಣ್ಣೆಯ ಕೋಟಿನ ಉಸ್ತಾದ, ತೊಡೆಯ ಮೇಲೆ ಚೀಲ ಇಟ್ಟು, ಎರಡೂ ಕೈಯಲ್ಲಿ ಸೀಟು ಹಿಡಿದು, ಮೊಣಕಾಲು ಜೋಡಿಸಿಕೊಂಡು ಬರುವುದನ್ನು ನೋಡಿ ಅಕ್ಬರಸಾಬ ಎಲೆಬುಟ್ಟಿ ಬಿಟ್ಟು ಎದ್ದ: "ಯಪ್ಪಾ ನೀಲಪ್ಪಾ, ಸ್ವಾದರಮಾವಂದ್ರ ಮಗಳನ್ನ ಎಲ್ಲಿಂದ ಕರಕೊಂಡ ಬಂದೀಯೋ? ಸೆರಗರ ಹೊದಸಬಾರದನ!" ನಗೆ ಅಂಗಡಿಯಿಂದ ಅಂಗಡಿಗೆ ಹಬ್ಬಿತು. ನೀಲಪ್ಪ ಕುತ್ತಿಗೆಯನ್ನು ಭುಜದೊಳಗೆ ಎಳೆದುಕೊಂಡ. ಹಿಂದೆ ಕೂತವನು ಮಾತ್ರ ಕಣ್ಣು ಮುಚ್ಚಿದ್ದ. ಗಟಾರದ ಕಲ್ಲು ದಾಟಿತು, ಏನೂ ಇಲ್ಲ. ಮತ್ತೆ ತಿರುಗಿದರು, ಏನೂ ಇಲ್ಲ.

ಶಾರವ್ವನಿಗೆ ತಡೆಯಲಾಗಲಿಲ್ಲ. ಮಾತಿಗೆ ನಡುವೆ ಇಟ್ಟುಕೊಂಡಿದ್ದ ಕೂಸನ್ನೂ ಮರೆತು, ಮೊದಲ ಸಲ ನೇರವಾಗಿ ಕೂಗಿದಳು: "ಎರಡೂ ಕೈಲೆ ಸೀಟು ಹಿಡೀಬ್ಯಾಡ್ರಿ! ನಮಗ ಹಿಡಕೊಳ್ಳಾಕ ಒಂದ ಕೈ ಇರತೈತಿ, ಇನ್ನೊಂದ್ರಾಗ ಕೂಸು ಇರತೈತಿ. ಕಾಲು ಪಟ್ಟಿ ಮ್ಯಾಲ ಗಟ್ಟಿ ಊರ್ರಿ!"

ರಾಜೇಸಾಬ ಅಪ್ಪಣೆಯೆಂಬಂತೆ ತಲೆಬಾಗಿ, ಒಂದು ಕೈ ಬಿಟ್ಟು, ಚೀಲವನ್ನು ಎದೆಗೊತ್ತಿ, ಭಾರವನ್ನೆಲ್ಲ ಪಾದಕ್ಕೆ ಇಳಿಸಿ ಕೂತ. ಗಾಡಿ ಮೂರನೆಯ ಬಾರಿ ಕಲ್ಲು ಹತ್ತಿ ಇಳಿಯುತ್ತಿದ್ದಂತೆ ಸಂತೆಯ ನಡುವೆ ಆತನ ದನಿ ಎದ್ದಿತು: "ಬಂತು! ಬಂತೋ ನೀಲಪ್ಪಾ, ಬಂತು!"

"ಬ್ಯಾನಿ ಬಂತೇನ? ಲಗೂನ ದವಾಖಾನಿಗೆ ಒಯ್ಯೋ!" ಎಂದು ಅಕ್ಬರಸಾಬ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತ.

ಆ ನಗೆ ರಾಜೇಸಾಬನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಗ್ಯಾರೇಜಿಗೆ ಹೋದವನೇ ಹಿಂದಿನ ಗಾಲಿಯನ್ನು ಹೊತ್ತ ಕಬ್ಬಿಣದ ತೋಳನ್ನು ಬಿಚ್ಚಿದ. ಆ ತೋಳು ಆಡುವ ಕೀಲಿನೊಳಗಿನ ಉಂಗುರ ಒಂದು ಮಗ್ಗುಲಿಗೆ ಮಾತ್ರ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಹಿಂದಿನವರು ಎರಡೂ ಕಡೆ ಕಾಲು ಹಾಕಿ ಕೂತರೆ ಭಾರ ಸಮವಾಗಿ ಹಂಚಿ ಅದು ಸುಮ್ಮನಿರುತ್ತಿತ್ತು; ಎಲ್ಲ ಭಾರವೂ ಎಡಕ್ಕೆ ಬಿದ್ದರೆ ತೋಳು ಓರೆಯಾಗಿ, ಒಳಗಿನ ಚೈನು ತನ್ನ ತಗಡಿನ ಕವಚಕ್ಕೆ ಉಜ್ಜಿ, ಆ ನಡುಕ ನೇರವಾಗಿ ಪಾದದ ಪಟ್ಟಿಗೆ ಏರುತ್ತಿತ್ತು. ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ಆತ ಮಾಬೂಬಿಗೆ ಹೇಳಿದನಂತೆ: "ಇದನ್ನ ನಾನ ನೋಡಿ, ಚೊಲೋ ಐತಂತ ಹಾಕಿದ್ದೆ. ನನ್ನಂಗ ಕುಂದರವ್ರಿಗೆ ಚೊಲೋ ಇತ್ತು." ಭಾನುವಾರವಿಡೀ ಕೂತು ಹಿತ್ತಾಳೆಯಲ್ಲಿ ಹೊಸ ಉಂಗುರ ತೇದು ಕೂಡಿಸಿದ.

ಸೋಮವಾರ ಟೆಂಪೋ ಬಂದು ಬಾಗಿಲಲ್ಲಿ ನಿಂತಿತ್ತು. ಗುಜರಿಯವನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕಾಯುತ್ತಿದ್ದ. ಶಾರವ್ವ ಸೆರಗು ಬಿಗಿದು, ಕೂಸನ್ನೆತ್ತಿ, ಗಂಡನ ಹಿಂದೆ ಕೂತಳು. ಒಂದು ಗಾಡಿಯ ಅಳಿವು ಉಳಿವು ತನ್ನ ಅಂಗಾಲಿನ ಮೇಲೆ ನಿಂತಿದೆಯೆಂಬುದು ಅವಳಿಗೆ ವಿಚಿತ್ರವೆನಿಸಿತು. ಬಾಜಾರದ ಕಲ್ಲು, ಬಂಕಾಪುರದ ಹಾದಿಯ ತಗ್ಗುಗಳು, ಮರಳಿ ಬಾಜಾರದ ಕಲ್ಲು. ಹಿಂತಿರುಗಿ ಬಂದು ಇಳಿದಾಗ ರಾಜೇಸಾಬ ಮೊನ್ನೆಯಂತೆ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದ: "ಏನವಾ ಗುತ್ತವ್ವಾ, ನಿಮ್ಮವ್ವಗ..."

"ಎಬ್ಬಸಬ್ಯಾಡ್ರಿ," ಎಂದಳು ಶಾರವ್ವ, ದನಿ ತಗ್ಗಿಸಿ. "ಬಂಕಾಪುರ ದಾಟೂಕಿಂತ ಮದಲ ನಿದ್ದಿ ಹತ್ತೇತ್ರಿ ಅದಕ್ಕ."

ರಾಜೇಸಾಬ ಎದ್ದು, ಗಾಡಿಯ ಕನ್ನಡಿಯಲ್ಲಿ ನೋಡಿಕೊಂಡು ಕೂದಲು ಬಾಚಿದ. ಗುಜರಿಯವನು ಮತ್ತೊಮ್ಮೆ ತರಿಸಿದ್ದ ಬಿಸಿ ಚಹಾವನ್ನು ಬಸಿಗೆ ಸುರಿದುಕೊಂಡು ಮುಗಿಸಿ, ಖಾಲಿ ಟೆಂಪೋ ಹೊರಡಿಸಿದ.

ಇಂಥವರನ್ನು ಕರುಣಾಳುಗಳೆಂದು ಹೊಗಳಿದರೆ ಅದು ಅವರಿಗೆ ಒಪ್ಪುವ ಮಾತಲ್ಲ. ರಾಜೇಸಾಬನಿಗೆ ಶಾರವ್ವನ ಮೇಲೆ ಕರುಣೆಯೇನೂ ಇರಲಿಲ್ಲ, ತನ್ನ ಕೆಲಸದಲ್ಲಿ ತನಗೆ ಗೊತ್ತಿಲ್ಲದ್ದೊಂದು ಉಳಿದಿದೆಯೆಂಬುದನ್ನು ಸಹಿಸಲಾಗದ ಸೊಕ್ಕಿತ್ತು. ಆದರೆ ಲೋಕದಲ್ಲಿ ಇನ್ನೊಬ್ಬರ ನೋವನ್ನು ಕೇಳಿ ತಲೆ ಸವರುವವರು ಬಹಳ, ಕೇಳಿ ತಳ್ಳಿಹಾಕುವವರು ಅದಕ್ಕಿಂತ ಬಹಳ. ಕೇಳಿದ್ದನ್ನು ಸುದ್ದಿಯೆಂದು ನಂಬಿ, ಹಾಗಾದರೆ ಅಲ್ಲಿ ಕೂತರೆ ಹೇಗಿರುತ್ತದೆಂದು ಹೋಗಿ ಕೂತು ನೋಡುವ ಕುತೂಹಲಿಗಳು ಮಾತ್ರ ಊರಿಗೊಬ್ಬರು ಸಿಕ್ಕರೆ ಹೆಚ್ಚು. ಶಾರವ್ವನ ಅಂಜಿಕೆಗೆ ನೆರೆಹೊರೆಯವರೆಲ್ಲ "ಪಾಪ" ಎಂದಿದ್ದರು. ರಾಜೇಸಾಬ "ಎಲ್ಲಿ?" ಎಂದು ಕೇಳಿದ.