ತಿಂಪ್ಸಿಲಾಗೆ ನೀರು

೨೦೧೭ರ ಜೂನ್ ಹದಿನಾರು, ಶುಕ್ರವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ, ಪುದೀನಾದ ವಾಸನೆ ಏಕಿಷ್ಟು ಗಾಢವಾಗಿದೆ ಎಂದುಕೊಳ್ಳುತ್ತ ಮಂಡಿಯೂರಿದ ಆರ್ವೆಲಾಳ ಕೈಗೆ ಜಲ್ಲಿಯ ಅಡಿ ಹನಿನೀರಿನ ಪೈಪಿನ ತುದಿ ಸಿಕ್ಕಿತು — ನೇರ ಕೊಯ್ತ, ಇಲಿಯ ಹಲ್ಲಲ್ಲ — ಬೇಕೆಂದೇ ಪುದೀನಾ ಮಡಿಗೆ ತಿರುಗಿಸಿದ್ದಾರೆ, ಉಂಚಿಯಲ್ಲದೆ ಇನ್ನಾರು, ಉಂಚಿ ಎಂದು ತಾನು ಕರೆಯುವ ಅಜ್ಜಿಯೇ, ತಿಂಪ್ಸಿಲಾಗೆ ವಾರಕ್ಕೆ ಎರಡು ಲೀಟರ್ ಎಂದು ತಾನು ಬರೆದಿಟ್ಟ ನೀರೆಲ್ಲ ಅಜ್ಜಿಯ ಪುದೀನಾ ಚಹಾದೊಳಗೆ ಹೋಗಿದೆ, ಪಕ್ಕದ ತಿಂಪ್ಸಿಲಾ ಮಡಿಯತ್ತ, ಗುಡ್ಡದ ಆ ಕಾಡುಗಡ್ಡೆಯತ್ತ, ತಿರುಗಲು ಕಣ್ಣು ಹೆದರುತ್ತದೆ, ಎರಡು ಬೇಸಿಗೆ ಒಂದೆರಡು ಎಲೆ ಬಂದು ಮಾಯವಾಗಿದ್ದವು, ಈ ವಸಂತದಲ್ಲಿ ಒಮ್ಮೆಯೂ ಬರಲಾಗಲಿಲ್ಲ, ಹತ್ತೊಂಬತ್ತೇ ಬೀಜ, ಗಟ್ಟಿ ಸಿಪ್ಪೆ ಒಡೆದು ಮೊಳೆಯಲೆಂದು ಒಂದೊಂದನ್ನೂ ಮರಳುಕಾಗದಕ್ಕೆ ಉಜ್ಜಿ ಊರಿದ್ದು, ಅಜ್ಜಿಯ ಮಂಡಿ ಇನ್ನು ಗುಡ್ಡ ಹತ್ತುವುದಿಲ್ಲವಲ್ಲ, ಮನೆಯ ಹಿಂದೆಯೇ ಬೆಳೆದರೆ ಇನ್ನೊಮ್ಮೆ ಕೈಯಾರೆ ಗಡ್ಡೆ ಅಗೆಯಲಿ, ಸಿಪ್ಪೆ ಸುಲಿದು ಜಡೆ ಹೆಣೆದು ಒಲೆಯ ಮೇಲೆ ತೂಗುಹಾಕಲಿ ಎಂದು — ಆಗ ತಾನು ಎಂಟು ವರ್ಷದವಳು, ಬಿಸಿಲು, ಗುಡ್ಡ, ಅಜ್ಜಿಯ ದನಿ, ನೋಡು ತಕೋಜಾ, ನನ್ನ ಮೊಮ್ಮಗಳೇ, ಈ ಗಿಡ ಕೈ ಚಾಚಿ ತೋರಿಸ್ತಿದೆ, ಆ ಕಡೆ ಹೋಗು, ಅಲ್ಲೇ ಇದರ ತಂಗಿ ಇರ್ತಾಳೆ, ಹೋದರೆ ನಿಜಕ್ಕೂ ಇರುತ್ತಿತ್ತು, ಮುಂದೆ ಸಸ್ಯಶಾಸ್ತ್ರ ಓದಿ, ಕೊಂಬೆಯ ದಿಕ್ಕಿಗೂ ಪಕ್ಕದ ಗಿಡಕ್ಕೂ ಸಂಬಂಧವಿಲ್ಲವೆಂದು ಅಳೆದು ತೋರಿಸಿದಾಗ ಅಜ್ಜಿ ನಕ್ಕಳು, ನೀನು ಕೇಳಿದ ಗಿಡ ನಿನಗೆ ಸುಳ್ಳು ಹೇಳಿರ್ಬೇಕು ಬಿಡು.

ಬಾಗಿಲು ಕಿರುಗುಟ್ಟುತ್ತದೆ, ಅಗೆಯುವ ಕಬ್ಬಿಣದ ಕೋಲನ್ನೇ ಊರಿಕೊಂಡು ಅಜ್ಜಿ ಬರುತ್ತಾಳೆ, ಉಂಚಿ, ನೀನೇನಾ ಪೈಪು ಕೊಯ್ದದ್ದು, ಮತ್ತಿನ್ಯಾರು, ನೀನು ಹಾಕಿ ಹೋದ ದಿನವೇ ಕೊಯ್ದೆ, ಹಸುಗೂಸಿಗೆ ಹಾಲು ಕುಡಿಸೋ ಹಾಗೆ ಕುಡಿಸೋಕೆ ಹೊರಟಿದ್ದೆಯಲ್ಲ, ಅದು ಕಲ್ಲುನೆಲದ ಹೆಣ್ಣು ಕಣೇ, ಕಾಲು ಒದ್ದೆಯಾದ್ರೆ ಕೊಳೆತೇ ಹೋಗತ್ತೆ, ನನಗೊಂದು ಮಾತು ಹೇಳಬಾರದಿತ್ತಾ, ಹೇಳಿದ್ರೆ ನೀನು ಪುಸ್ತಕ ತೆಗೀತಿದ್ದೆ — ಕಣ್ಣು ತಾನಾಗಿ ತಿರುಗಿತು, ಬಿರುಕುಬಿಟ್ಟ ಮಣ್ಣು, ಮಣ್ಣು, ಮಣ್ಣು, ಆಮೇಲೆ ಐದು ಬೆರಳಿನ ಎಲೆ, ಕಾಂಡದ ತುಂಬ ಬಿಳಿ ನವಿರು, ಮೇಲೊಂದು ನಸುನೀಲಿ ಹೂಗೊಂಚಲು, ಹೂ ಬಿಟ್ಟಿತೆಂದರೆ ಅಗೆಯುವ ಹೊತ್ತು, ಅಜ್ಜಿಯ ಕೋಲು ಬುಡದ ಪಕ್ಕಕ್ಕೆ ಬಂದು ನಿಂತಿದೆ, ಆರ್ವೆಲಾ ಪಕ್ಕಕ್ಕೆ ಸರಿದಳು, ಅಗೆ ಉಂಚಿ, ನಿನಗೇ ಅಂತ ಬೆಳೆಸಿದ್ದು, ಇರೋದೇ ಒಂದು, ತಿಂದು ತೇಗಿಬಿಡ್ಲಾ, ಬೀಜ ಉದುರ್ಲಿ, ಇನ್ನು ನಾಲ್ಕು ವರ್ಷಕ್ಕೆ ಮಡಿ ತುಂಬತ್ತೆ, ನಾಲ್ಕು ವರ್ಷಕ್ಕೆ ನಿನಗೆ ತೊಂಬತ್ತು, ಆದ್ರೇನು, ನನಗೂ ಪೈಪು ಹಾಕ್ತೀಯಾ — ನಗುತ್ತಲೇ ಅಜ್ಜಿ ಕೋಲನ್ನು ನೆಲಕ್ಕೆ ಅಡ್ಡ ಮಲಗಿಸಿದಳು, ಅಳತೆ ತಗೋ, ನಿನ್ನ ಪುಸ್ತಕ ಹಸಿದಿರತ್ತೆ, ಉಕ್ಕಿನ ಪಟ್ಟಿ ಕಾಂಡಕ್ಕೆ ತಾಗಿದೆ, ಗೆರೆಗಳು ನೀರಾಡುತ್ತಿವೆ, ಕಣ್ಣೊರೆಸಿಕೊಂಡಳು, ಬಿಳಿ ನವಿರು, ಎಳೆಎಳೆಯಾಗಿ, ಬೆಳಕಿನಲ್ಲಿ, ಬಿಳಿ ನವಿರು, ಎತ್ತರ ಒಂಬತ್ತು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್.