ಸೋದರಮಾವನ ತೊಡೆ

ನನ್ನ ಭಾವ ರಾಮಾಂಜಿನಯ್ಯನ ಮುಖ ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಪೂರ್ತಿ ಕೇಳಿ, ಈ ಕಾಂತೇಶನಿಗೆ ಬುದ್ಧಿ ಬಂತು ಅಂತ ಯಾರೂ ತಲೆ ಆಡಿಸುವುದು ಬೇಡ. ಬುದ್ಧಿಗಿದ್ಧಿ ಏನೂ ಬಂದಿಲ್ಲ.

ಜಗಳ ಶುರುವಾದದ್ದು ತೊಂಬತ್ತೈದರಲ್ಲಿ, ಗುಬ್ಬಿಯಲ್ಲಿ, ನನ್ನ ಅಕ್ಕ ಗಂಗಲಕ್ಷ್ಮಿಯ ಮಗನಿಗೆ ಹೆಸರಿಟ್ಟ ದಿನ. ಮಗುವಿಗೆ ಲಕ್ಷ್ಮೀಕಾಂತ ಅಂತ ಹೆಸರಿಟ್ಟು ಎಲ್ಲರೂ ಊಟಕ್ಕೆ ಕೂತರು. ನಮ್ಮವ್ವ ರೇವಮ್ಮ ಮೊದಲ ಪಂಕ್ತಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡಿದ್ದಳು. ಉಪ್ಪು, ಪಲ್ಯ ಬಿದ್ದಾಗಿತ್ತು. ಆಗ ಈ ರಾಮಾಂಜಿನಯ್ಯ ಬಂದು, “ಅತ್ತೆ, ಇದು ನಮ್ಮ ಕಡೆ ಹಿರೀಕರ ಪಂಕ್ತಿ. ನೀವು ಆಮೇಲೆ ಕೂತ್ಕೊಳ್ಳಿ” ಅಂದ. ಅವ್ವ ಮಂಡಿ ಹಿಡಿದುಕೊಂಡು ಎದ್ದಳು. ಹೆಣ್ಣು ಕೊಟ್ಟ ತಾಯಿಯನ್ನು ಬಡಿಸಿದ ಎಲೆಯ ಮುಂದಿನಿಂದ ಎಬ್ಬಿಸುವವನು ಮನುಷ್ಯನೇ? ನನಗೆ ಮೈಯೆಲ್ಲ ಉರಿಯಿತು.

ತೊಟ್ಟಿಲು ಹಿಡಿದು ನಿಂತು, ಬಂದ ನೆಂಟರಿಗೆಲ್ಲ ಕೇಳಿಸುವ ಹಾಗೆ ಹೇಳಿದೆ: “ಈ ಮಗೀನ ಮುಡಿ ನನ್ನ ತೊಡೆ ಮೇಲೇ ತೆಗೀಬೇಕು. ನೀನು ನಮ್ಮ ಬಾಗ್ಲಿಗೆ ಬಂದು, ಎಲೆ ಅಡಿಕೆ ಕೊಟ್ಟು ಕರೆಯೋ ತನಕ ನಾನು ಬರಾಕಿಲ್ಲ. ಹೆಂಗ್ ತೆಗಿಸ್ತೀಯೋ ನೋಡ್ತೀನಿ.”

ಬರಿ ಬಾಯಿಮಾತಲ್ಲ ಅದು. ಅವರ ಮನೆತನದಲ್ಲಿ ಮಗುವಿನ ಮೊದಲ ಕೂದಲು ಮನೆದೇವರದು. ಅದನ್ನು ಒಪ್ಪಿಸುವ ತನಕ ತಲೆಗೆ ಕತ್ತರಿ ಸೋಕಿಸುವ ಹಾಗಿಲ್ಲ. ಒಪ್ಪಿಸುವ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕುಚ್ಚು ಕತ್ತರಿಸಬೇಕಾದವನು ಸೋದರಮಾವ. ಗಂಗಲಕ್ಷ್ಮಿಗೆ ಇರುವವನು ನಾನೊಬ್ಬನೇ ತಮ್ಮ. ಭಾವನ ತಾಯಿ ದೊಡ್ಡಗಂಗಮ್ಮ ಶಾಸ್ತ್ರದ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಡುವವಳಲ್ಲ. ಒಂದನೇ ವರ್ಷ ಕಳೆಯಿತು. ಬೆಸ ವರ್ಷದಲ್ಲೇ ಆಗಬೇಕು ಅನ್ನುತ್ತಾರೆ, ಮೂರನೆಯದೂ ಕಳೆಯಿತು. ಭಾವ ಬರಲಿಲ್ಲ. ನಾನೂ ಹೋಗಲಿಲ್ಲ.

ಕ್ಯಾತ್ಸಂದ್ರದ ಹೈವೇ ಪಕ್ಕದಲ್ಲಿ ನನ್ನದು ಪಂಕ್ಚರ್ ಅಂಗಡಿ. ರಾಮಾಂಜಿನಯ್ಯ ಗುಬ್ಬಿಯಿಂದ ಬೆಂಗಳೂರಿಗೆ ಹೋಗುವ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್. ದಿನಕ್ಕೆರಡು ಸಲ ಆ ಬಸ್ಸು ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಅಲ್ಲಿ ಸ್ಟಾಪಿಲ್ಲ, ಏನಿಲ್ಲ. ಆದರೂ ಅವನು ಬಾಗಿಲಲ್ಲಿ ಜೋತುಬಿದ್ದುಕೊಂಡು ಪೀಪಿ ಊದುತ್ತಿದ್ದ. ನಾನು ಟ್ಯೂಬಿನ ಮೇಲಿನಿಂದ ಕಣ್ಣೆತ್ತದೆ ಕ್ಯಾಕರಿಸಿ ಉಗಿಯುತ್ತಿದ್ದೆ. ಹೀಗೆ ಐದು ವರ್ಷ ನಮ್ಮ ನೆಂಟಸ್ತನ ನಡೆಯಿತು.

ಅವ್ವನಿಗೆ ಮಾನ ಮರ್ಯಾದೆ ಇರಲಿಲ್ಲ. ತಿಂಗಳಿಗೊಮ್ಮೆ ನಿಪ್ಪಟ್ಟು, ಕೋಡುಬಳೆ ಕಟ್ಟಿಕೊಂಡು ಗುಬ್ಬಿಗೆ ಹೊರಡುತ್ತಿದ್ದಳು. “ಎಲೆಯಿಂದ ಎಬ್ಬಿಸಿದ್ದು ನನ್ನ. ನಾನೇ ಮರ್ತಿದೀನಿ, ನಿಂಗ್ಯಾಕ್ಲಾ ಉರಿ?” ಅನ್ನುತ್ತಿದ್ದಳು. “ಈ ಬಾಯಿಗೆ ಹೆಣ್ಣು ಕೊಡೋರು ಯಾರು? ಮೂವತ್ತೆರಡಾಯ್ತು, ಟೈರ್ ತಬ್ಕೊಂಡು ಮಲ್ಗು” ಅಂತಲೂ ಅನ್ನುತ್ತಿದ್ದಳು. ಬಂದ ಮೇಲೆ ಪಾಪು ಹಂಗಂತು, ಪಾಪು ಹಿಂಗಂತು ಅಂತ ಶುರು ಮಾಡಿದರೆ, “ಆ ಮನೆ ಸುದ್ದಿ ಎತ್ತಬ್ಯಾಡ” ಅಂತ ನಾನು ಎದ್ದುಹೋಗುತ್ತಿದ್ದೆ. ಫೋಟೋ ತಂದರೆ ನೋಡುತ್ತಿರಲಿಲ್ಲ. ನೋಡಬೇಕು ಅನ್ನಿಸುತ್ತಿರಲಿಲ್ಲವೇ? ಅನ್ನಿಸುತ್ತಿತ್ತು. ಆದರೆ ನೋಡಿದರೆ ಸೋತ ಹಾಗಲ್ಲವೇ? ನನ್ನ ತೊಡೆಯ ಮೇಲೆ ಬಂದು ಕೂತಾಗ ಕಣ್ತುಂಬ ನೋಡುತ್ತೇನೆ, ಅಲ್ಲಿಯ ತನಕ ತಡಿ, ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಒಂದು ಸಲ ಅವನ ಬಸ್ಸು ನನ್ನ ಅಂಗಡಿಗೆ ಐವತ್ತು ಹೆಜ್ಜೆ ದೂರದಲ್ಲಿ ಪಂಕ್ಚರ್ ಆಯಿತು. ನಾನು ಎದ್ದು ಸರ್ರನೆ ಷಟರ್ ಎಳೆದೆ. ಡ್ರೈವರ್ ನರಸಯ್ಯ ಬಂದು ಕೈಮುಗಿದು ಕೇಳಿದ. ಅವನು ಗುಬ್ಬಿಯಲ್ಲಿ ಅಕ್ಕನ ಪಕ್ಕದ ಮನೆಯವನು, ಸಾಧು ಪ್ರಾಣಿ. “ಜಾಕ್ ಕೆಟ್ಟೋಗದೆ” ಅಂದೆ. ಪ್ಯಾಸೆಂಜರುಗಳು ಒಂದು ಗಂಟೆ ಬಿಸಿಲಲ್ಲಿ ಒಣಗಿದರು. ನನಗೋ, ಹಬ್ಬ. ಅವತ್ತು ಸಂಜೆ ಅವ್ವ ಮುದ್ದೆ ಬಡಿಸುತ್ತಾ, “ಆ ಬಸ್ಸಲ್ಲಿ ಪಾಪು ಇತ್ತು ಕಣ್ಲಾ. ನಿಂಗೆ ತೋರ್ಸಾನ ಅಂತ ಗಂಗಿನೇ ನರ್ಸಯ್ಯಂಗೆ ಹೇಳಿ ಕಳ್ಸಿದ್ಲು” ಅಂದಳು. ನಾನು ಕೈತೊಳೆದು ಎದ್ದೆ. ಪಾಪುವಿಗಾಗಿ ಊಟ ಬಿಟ್ಟೆ ಅಂದುಕೊಳ್ಳಬೇಡಿ. ಮೊದಲೇ ಹೇಳದೆ ಈಗ ಹೇಳಿದಳಲ್ಲ, ಆ ಸಿಟ್ಟಿಗೆ ಬಿಟ್ಟೆ.

ಎರಡು ಸಾವಿರದ ಏಪ್ರಿಲ್‌ನಲ್ಲಿ ರಾಮಾಂಜಿನಯ್ಯನ ಕುತ್ತಿಗೆಗೆ ಬಂತು. ಮಗುವಿಗೆ ಐದನೇ ವರ್ಷ ನಡೆಯುತ್ತಿತ್ತು. ಜೂನ್‌ಗೆ ಸ್ಕೂಲು. ಕಾನ್ವೆಂಟಿನವರು, ಗಂಡು ಹುಡುಗ ಜಡೆ ಬಿಟ್ಟುಕೊಂಡು ಬಂದರೆ ಸೇರಿಸಿಕೊಳ್ಳುವುದಿಲ್ಲ ಅಂದರಂತೆ. ಒಂದು ಭಾನುವಾರ ಬೆಳಿಗ್ಗೆ ಅವನು ಸ್ಟೀಲ್ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತ. ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದವನ ಮುಖ.

“ಮುಂದಿನ ಸೋಮವಾರ ಪಾಪುದು ಮುಡಿ. ಮಾರ್ಕೋನಹಳ್ಳಿ ಹತ್ರ, ನಮ್ಮ ಮನೆದೇವ್ರು. ಬರ್ಬೇಕು” ಅಂದ, ಟಿಕೆಟ್ ಹರಿದು ಕೊಟ್ಟ ಹಾಗೆ.

“ಯಾರು ಬರ್ಬೇಕು?” ಅಂದೆ.

ಅವನು ಹಲ್ಲು ಕಚ್ಚಿಕೊಂಡು, “ಸೋದರಮಾವ ಬರ್ಬೇಕು” ಅಂದ.

“ಒಳಗೆ ಬನ್ನಿ” ಅಂತ ನಾನು ಕರೆಯಲಿಲ್ಲ. ತಟ್ಟೆ ಇಸಿದುಕೊಂಡೆ, ಅಷ್ಟೆ. ಅವ್ವ ಕಾಫಿ ತರುವಷ್ಟರಲ್ಲಿ ಅವನು ಗೇಟು ದಾಟಿದ್ದ. ನಾನು ಗೆದ್ದಿದ್ದೆ! ಆ ವಾರವೆಲ್ಲ ಸಿಳ್ಳೆ ಹಾಕಿಕೊಂಡೇ ಟೈರು ಬಿಚ್ಚಿದೆ. ತುಮಕೂರಿಗೆ ಹೋಗಿ ಜರಿ ಶಲ್ಯ ತಂದೆ. ತೊಡೆಯ ಮೇಲೆ ಅದನ್ನು ಹಾಸಿ, ಮಗುವನ್ನು ಕೂರಿಸಿಕೊಂಡು, ಅದರ ನೆತ್ತಿ ಮೂಸಬೇಕು ಅಂತ ಆಸೆ. ತೊಟ್ಟಿಲಲ್ಲಿದ್ದಾಗ ಒಂದೇ ಒಂದು ಸಲ ಮೂಸಿದ್ದೆ. ಬೇರೆ ಯಾರಿಗೂ ಇದನ್ನು ಹೇಳಿಲ್ಲ.

ಸೋಮವಾರ ಅವ್ವನನ್ನು ಕರೆದುಕೊಂಡು ಕುಣಿಗಲ್‌ಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ದೇವಸ್ಥಾನ ಮುಟ್ಟುವ ಹೊತ್ತಿಗೆ ಹತ್ತಾಗಿತ್ತು. ಅವ್ವ ಸೀದಾ ಅಡುಗೆ ನಡೆಯುತ್ತಿದ್ದ ಕಡೆ ಹೋದಳು. ನಾನು ಬೇಕಂತಲೇ ಹೊರಗೆ ನಿಂತೆ. ಅವರೇ ಬಂದು ಕರೆದುಕೊಂಡು ಹೋಗಲಿ ಅಂತ. ಹೊಂಗೆ ಮರದ ಕೆಳಗೆ ಮಕ್ಕಳು ಓಡಾಡುತ್ತಿದ್ದವು. ಅವುಗಳಲ್ಲಿ ಇಬ್ಬರು ಹುಡುಗರು. ಇಬ್ಬರಲ್ಲಿ ನಮ್ಮವನು ಯಾವನು ಅಂತ ಕಣ್ಣು ಕಿರಿದು ಮಾಡಿ ನೋಡಿದೆ. ಒಬ್ಬನ ಮೂಗು ನಮ್ಮವ್ವನ ಮೂಗಿನ ಹಾಗೇ ಇದೆ ಅನ್ನಿಸಿತು. ಅವನನ್ನೇ ನೋಡುತ್ತಾ ನಿಂತೆ.

ಅಷ್ಟರಲ್ಲಿ ಕೆಂಪು ಲಂಗ, ಹಸಿರು ರವಿಕೆ ತೊಟ್ಟ ಒಂದು ಮಗು ನನ್ನ ಮುಂದೆ ಬಂದು ನಿಂತಿತು. ಬೆನ್ನ ತುಂಬ ಮೊಗ್ಗಿನ ಜಡೆ, ಹಣೆಗೆ ಬೊಟ್ಟು, ಕೈತುಂಬ ಬಳೆ. ನನ್ನ ಜರಿ ಶಲ್ಯವನ್ನೇ ನೋಡುತ್ತಿತ್ತು. ಒಳ್ಳೇ ಲಕ್ಷಣವಾಗಿತ್ತು. ನಾನು ಬಗ್ಗಿ, “ಯಾರ ಮಗಳವ್ವಾ ನೀನು? ಆ ಹುಡುಗ್ರಲ್ಲಿ ಲಕ್ಷ್ಮೀಕಾಂತ ಯಾರು, ತೋರ್ಸು ಪುಟ್ಟಿ” ಅಂದೆ.

ಆ ಮಗುವಿನ ಮುಖ ಕೆಂಪಗಾಯಿತು. “ನಾನು ಪುಟ್ಟಿ ಅಲ್ಲ! ನಾನು ಗಂಡು!” ಅಂತ ಕಿರುಚಿ, ಲಂಗ ಎತ್ತಿ ಹಿಡಿದುಕೊಂಡು ನನ್ನ ಮೊಣಕಾಲಿನ ಕೆಳಗೆ ಒದ್ದು ಓಡಿತು.

ಹಿಂದಿನಿಂದ ಹೆಂಗಸರು ಕಿಸಕ್ಕನೆ ನಕ್ಕರು. ಮುಡಿ ತೆಗೆಯುವ ಮುಂಚೆ ಗಂಡು ಮಗುವಿಗೂ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಫೋಟೋ ತೆಗೆಸುವುದು ನನಗೆ ಗೊತ್ತಿಲ್ಲದ್ದೇ? ನನ್ನದೇ ಅಂಥ ಫೋಟೋ ಒಂದು ನಮ್ಮ ಮನೆಯ ಗೋಡೆಯ ಮೇಲಿದೆ. ಆದರೂ ಹೊಳೆಯಲಿಲ್ಲ. ರಾಮಾಂಜಿನಯ್ಯ ಕಂಬಕ್ಕೆ ಒರಗಿ ನಿಂತಿದ್ದ. ನಗಲಿಲ್ಲ. ನಕ್ಕಿದ್ದರೆ ಅವನ ಹಲ್ಲು ಉದುರಿಸುತ್ತಿದ್ದೆ, ಮನಸ್ಸಿಗೆ ಸಮಾಧಾನವಾದರೂ ಆಗುತ್ತಿತ್ತು.

ಪೂಜೆ ಆಯಿತು. ಮಣೆ ಹಾಕಿದರು. ನಾನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಶಲ್ಯ ಹಾಸಿಕೊಂಡು ಕೂತೆ. ಕ್ಷೌರದ ಚೌಡಪ್ಪ ಪಕ್ಕದಲ್ಲಿ ನೀರು, ಕತ್ತಿ ಇಟ್ಟುಕೊಂಡು ಕೂತ. ಕುಚ್ಚು ಕತ್ತರಿಸಲು ನನ್ನ ಕೈಗೆ ಕತ್ತರಿ ಕೊಟ್ಟರು. ಅಕ್ಕ ಮಗುವನ್ನು ಎತ್ತಿಕೊಂಡು ಬಂದಳು. ಲಂಗ ಬಿಚ್ಚಿ ಚಡ್ಡಿ ಹಾಕಿದ್ದಳು. ನನ್ನ ತೊಡೆಗೆ ಇಳಿಸಲು ಬಗ್ಗಿದಳೋ ಇಲ್ಲವೋ, ಮಗು ಅವಳ ಸೊಂಟಕ್ಕೆ ಕಾಲು ಸುತ್ತಿ, ಕುತ್ತಿಗೆ ಅಮರಿಕೊಂಡಿತು.

“ಇವ್ರ ಮೇಲೆ ಕೂರಲ್ಲ. ಇವ್ರು ನನ್ನ ಪುಟ್ಟಿ ಅಂದ್ರು.”

“ಹಂಗನ್ಬಾರ್ದು ಕಂದ, ಮಾವ ಕಣೋ” ಅಂದಳು ದೊಡ್ಡಗಂಗಮ್ಮ.

“ನನ್ನ ಮಾವ ಅಲ್ಲಿ ಅವ್ರೆ” ಅಂತ ಮಗು ಹಿಂದೆ ಕೈ ತೋರಿಸಿತು. ಜನರ ಹಿಂದೆ ಡ್ರೈವರ್ ನರಸಯ್ಯ ನಾಚಿಕೊಂಡು ನಿಂತಿದ್ದ.

ನಾನು ಮಗುವಿನ ತೋಳು ಹಿಡಿದು ಎಳೆದೆ. ತಪ್ಪು, ಗೊತ್ತು. ಆದರೆ ಐದು ವರ್ಷ ಕಾದವನು ನಾನು. ಮಗು ಕೈ ಕಚ್ಚಿತು. ಎರಡು ಹಲ್ಲು ಊರಿದವು. ನಾನು, “ಏನ್ ಕಲ್ಸಿದೀಯಾ ಇದಕ್ಕೆ? ಸೋದರಮಾವ ಯಾರು ಅಂತ ಕಲ್ಸೋಕೆ ಆಗ್ಲಿಲ್ವಾ ನಿಂಗೆ?” ಅಂತ ಅಕ್ಕನ ಮೇಲೆ ಕೂಗಾಡಿದೆ.

ಅಷ್ಟು ದಿನ ಬಾಯಿ ಬಿಡದಿದ್ದ ಗಂಗಲಕ್ಷ್ಮಿ ಅವತ್ತು ಬಿಟ್ಟಳು. “ಏನಂತ ಕಲಿಸ್ಲಿ? ಹೇಳ್ಲಾ, ಏನಂತ ಕಲಿಸ್ಲಿ? ಇದು ಮೊದಲ್ನೇ ಹೆಜ್ಜೆ ಇಟ್ಟಾಗ ಬಿದ್ದಿದ್ದು ನರ್ಸಯ್ಯನ ಕಾಲ್ ಮೇಲೆ. ನಿಂಗೆ ಹೇಳಿ ಕಳಿಸ್ದೆ, ಬಂದ್ಯಾ? ಮೊದಲ್ನೇ ಮಾತು ಏನಾಡ್ತು ಗೊತ್ತಾ? ರೈಟ್ ಅಂತು, ರೈಟ್! ಬೀದಿ ಬೀದಿನೇ ನಗ್ತಿತ್ತು. ಅವ್ವ ಬಂದು ಹೇಳೋಕೆ ಹೋದ್ರೆ ನೀನು ಎದ್ದೋದ್ಯಂತೆ. ಅಂಗನವಾಡೀಲಿ ಆಗಸ್ಟ್ ಹದಿನೈದನೇ ತಾರೀಕು ಬಾವುಟ ಹಿಡ್ಕೊಂಡು ಹಾಡು ಹೇಳ್ತು. ಮಿಸ್ಸು ಇದನ್ನ ಎತ್ಕೊಂಡು ಮುತ್ತು ಕೊಟ್ರು. ನಾನು ಅಳ್ತಾ ನಿಂತಿದ್ದೆ, ಎಲ್ರ ಅಣ್ಣ ತಮ್ಮಂದ್ರೂ ಬಂದಿದ್ರು. ಜ್ವರ ಬಂದಾಗ ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ದು ನರ್ಸಯ್ಯ. ನಿಂಗೆ ಬೇಕಾಗಿದ್ದು ಎಲೆ ಅಡಿಕೆ. ಕೊಟ್ಟವ್ರೆ, ಅಗೀತಾ ಕೂತ್ಕೊ!”

ಐದು ವರ್ಷದಲ್ಲಿ ಮೊದಲ ಸಲ ಆ ಮಗುವಿನ ಮುಖವನ್ನು ಸರಿಯಾಗಿ ನೋಡಿದೆ. ಅವ್ವನ ಮೂಗೇ. ಕೋಪಕ್ಕೆ ಹೊಳ್ಳೆ ಅರಳಿಸಿಕೊಂಡಿತ್ತು. ನನಗೆ ಅಳು ಬಂತು ಅಂತ ಹೇಳಲು ನನಗೇನೂ ನಾಚಿಕೆಯಿಲ್ಲ.

“ಟೈಮ್ ಮೀರ್ತದೆ. ಹಿಡ್ದು ಕೂರಿಸ್ರೋ” ಅಂದಳು ದೊಡ್ಡಗಂಗಮ್ಮ. “ಅತ್ರೆ ಅಳ್ಲಿ. ಸೋದರಮಾವ್ನ ತೊಡೆ ಮೇಲೇ ಆಗ್ಬೇಕು.”

ರಾಮಾಂಜಿನಯ್ಯ ಮಗುವಿನ ಕಾಲು ಹಿಡಿಯಲು ಬಂದ. ಮಗು ಉಸಿರುಗಟ್ಟಿ ಅಳುತ್ತಿತ್ತು. ಅವನು ನನಗಾಗಿ, ಶಾಸ್ತ್ರಕ್ಕಾಗಿ, ಸ್ವಂತ ಮಗನನ್ನು ಹಿಡಿದು ಅಮುಕಲು ಬಂದಿದ್ದ. ಕೂರಿಸಿದ್ದರೆ ಕೂರಿಸಬಹುದಿತ್ತು. ನಾಲ್ಕು ಜನ ಹಿಡಿದರೆ ಐದು ವರ್ಷದ ಮಗು ಎಲ್ಲಿಗೆ ಹೋಗುತ್ತದೆ? ನನ್ನ ಹಕ್ಕು ನನಗೆ ಸಿಗುತ್ತಿತ್ತು.

ನಾನು ಎದ್ದು ನಿಂತೆ. “ಮುಟ್ಬೇಡ್ರೋ ಮಗೀನ” ಅಂತ ಕೂಗಿದೆ. ಭಾವನ ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದೆ. “ನರ್ಸಯ್ಯ, ಬಾರಯ್ಯ ಇಲ್ಲಿ. ಕೂತ್ಕೊ.”

“ನಾನಾ? ಬ್ಯಾಡ ಸಾಮಿ, ನಾನು ಹೊರಗಿನೋನು” ಅಂತ ಅವನು ಹಿಂಜರಿದ.

“ಕೂತ್ಕೊ ಅಂದ್ರೆ ಕೂತ್ಕೊ! ಸೋದರಮಾವ ಹೇಳ್ತಾವ್ನೆ” ಅಂದೆ. ದೊಡ್ಡಗಂಗಮ್ಮ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು.

ನರಸಯ್ಯ ಕೂತ. ಜರಿ ಶಲ್ಯವನ್ನು ನಾನೇ ಅವನ ತೊಡೆಯ ಮೇಲೆ ಹಾಸಿದೆ, ಕತ್ತರಿಯನ್ನು ಅವನ ಕೈಗೆ ಕೊಟ್ಟೆ. ಮಗು ಅಕ್ಕನ ಸೊಂಟದಿಂದ ತಾನೇ ಜಾರಿ ಇಳಿದು, ಅವನ ತೊಡೆಯ ಮೇಲೆ ಹೋಗಿ, ತನ್ನದೇ ಜಾಗ ಅನ್ನುವ ಹಾಗೆ ಕೂತಿತು. ಬಿಕ್ಕುತ್ತಲೇ ಅವನ ಎದೆಗೆ ಒರಗಿತು. ಚೌಡಪ್ಪ ನೆತ್ತಿಗೆ ನೀರು ತಟ್ಟಿದ. ನಾನು ಎರಡು ಹೆಜ್ಜೆ ಹತ್ತಿರ ಹೋಗಿ ನಿಂತೆ. ನೋಡುವುದಕ್ಕಾದರೂ ನನಗೆ ಹಕ್ಕಿದೆ ಅಂದುಕೊಂಡೆ.

ಮಗು ಕಣ್ಣೊರೆಸಿಕೊಂಡು ನನ್ನನ್ನೊಮ್ಮೆ ನೋಡಿತು. ಆಮೇಲೆ ಮುಖ ಮೇಲೆತ್ತಿ ನರಸಯ್ಯನ ಕಿವಿಯಲ್ಲಿ, ಗುಟ್ಟು ಅಂದುಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿತು:

“ಮಾವ, ಆ ಅಂಕಲ್ ನನ್ನೇ ನೋಡ್ತಾವ್ರೆ. ಆ ಕಡೆ ತಿರುಗೋಕೆ ಹೇಳು.”

ನರಸಯ್ಯ ತಲೆ ತಗ್ಗಿಸಿದ. ಅವನು ಹೇಳುವವನಲ್ಲ. ಹಾಗಾಗಿ ನಾನೇ ಆ ಕಡೆ ತಿರುಗಿ ನಿಂತೆ. ಹಿಂದೆ ಕತ್ತರಿಯ ಸದ್ದಾಯಿತು. ಎಲ್ಲರೂ ಒಟ್ಟಿಗೆ ಗೋವಿಂದಾ ಅಂದರು, ನಾನೂ ಅಂದೆ.